ದುಡಿಮೆಯ ಬಳಲಿಕೆ ಮತ್ತು ಕಾರ್ಮಿಕನ ಮನೆ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದ ಮೇಲೆ ತಾಯಿ-ಮಗುವಿನ ಆರೈಕೆ, ಚುಚ್ಚುಮದ್ದು, ಹೆರಿಗೆಗಳ ನಡುವಣ ಅಂತರ ಇವುಗಳನ್ನು ಕುರಿತು ನಾಲ್ಕು ಮಾತು ಇರುತ್ತವೆಂದು ತಾವು ಎಣಿಸಿ ಬಂದಿರಬಹುದು. ಅವೆಲ್ಲವೂ ಮುಖ್ಯವಾದ ವಿಷಯಗಳೇ ಸರಿ. ಆದರೆ ಈ ದಿನ ನಾನು ದಣಿವನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಒಂದು ರಾತ್ರಿ ಮಲಗಿ ಎದ್ದರೆ ಕಳೆಯುವ ದಣಿವಿನ ಮಾತಲ್ಲ ಇದು. ಮಲಗಿ ಎದ್ದರೂ ಕಳೆಯದ ದಣಿವಿನ ಮಾತು.

ಕೆಲವು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಗೆ ಕುಷ್ಟಗಿ ಕಡೆಯ ಹಳ್ಳಿಯ ಒಬ್ಬ ಕಾರ್ಮಿಕನು ಬಂದನು. ಮೂವತ್ತರ ಹರೆಯ, ಗಟ್ಟಿಮುಟ್ಟಾದ ಆಳು. "ಸಾಹೇಬ್ರ, ಮೈಯಾಗ ಏನೂ ಉಳದಿಲ್ರೀ. ಒಂದ್ ಸಲಾಯಿನ್ ಹಚ್ರಿ, ನಾಳಿ ಡ್ಯೂಟಿ ಐತಿ" ಎಂದನು. ನಾಡಿ, ರಕ್ತದೊತ್ತಡ, ಎದೆಯ ಬಡಿತ ಎಲ್ಲವೂ ಸರಿಯಾಗಿದ್ದವು. ಸಲಾಯಿನ್ ಹಚ್ಚಿ ಕಳುಹಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದನು, ಮತ್ತೆ ಹಚ್ಚಿದೆ. ಮೂರನೆಯ ಸಲ ಅವನ ಹೆಂಡತಿಯೂ ಜೊತೆಗಿದ್ದಳು. "ಮನ್ಯಾಗ ಮಾತs ಆಡವಲ್ರರೀ ಇವರು. ಕೂಸು ಕಾಲಿಗೆ ತೊಡರಿದ್ರೂ ಸಿಟ್ಟಿಗೇಳ್ತಾರ" ಎಂದಳು. ಆ ಮಾತು ನನ್ನ ಕಿವಿಗೆ ಬಿದ್ದಿತು, ಆದರೆ ಹೊರಗೆ ರೋಗಿಗಳ ಸಾಲು ಉದ್ದವಾಗಿತ್ತು. ಮೂರನೆಯ ಬಾಟಲಿಯನ್ನೂ ಹಚ್ಚಿದೆ. ನಾಲ್ಕನೆಯ ಸಲ ಅವನನ್ನು ಜೊತೆಗಾರರು ಹೊತ್ತು ತಂದರು. ರಾತ್ರಿ ಪಾಳಿಯ ಕೊನೆಯ ತಾಸಿನಲ್ಲಿ ಬಲಗೈಯ ಎರಡು ಬೆರಳುಗಳು ಯಂತ್ರಕ್ಕೆ ಸಿಕ್ಕಿದ್ದವು.

ಅರ್ಧ ಲೀಟರಿನ ಆ ಬಾಟಲಿಯಲ್ಲಿರುವುದು ನೀರು ಮತ್ತು ಒಂದು ಚಹಾ ಚಮಚೆಗಿಂತ ಕಡಿಮೆಯಾದ ಉಪ್ಪು ಮಾತ್ರ. ವಾಂತಿ-ಭೇದಿಯಾದವನಿಗೆ ಅದು ಜೀವದಾನ. ದುಡಿಮೆಯಿಂದ ಬಳಲಿದವನಿಗೆ ಅದರಿಂದ ಬರುವ ಲಾಭವೆಂದರೆ ಹಾಸಿಗೆಯ ಮೇಲೆ ಒಂದೆರಡು ತಾಸು ಯಾರ ಕಾಟವೂ ಇಲ್ಲದೆ ಮಲಗಲು ಸಿಗುವುದು. ಅವನು ನಿಜವಾಗಿ ಬೇಡುತ್ತಿದ್ದುದು ಆ ಎರಡು ತಾಸನ್ನೇ ಎಂಬುದು ನನಗೆ ತಡವಾಗಿ ತಿಳಿಯಿತು.

ಈ ಸ್ಥಿತಿಗೆ ವಿದ್ವಾಂಸರು ಹೆಸರಿಟ್ಟು ಐವತ್ತು ವರ್ಷಗಳಾದವು. 1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬುವರು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುವವರು ಉರಿದು ಬೂದಿಯಾದ ದೀಪದಂತೆ ಆಗುವುದನ್ನು ಕಂಡು ಬರೆದರು. ಬಳಿಕ ಕ್ಯಾಲಿಫೋರ್ನಿಯದ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿಯು ಅದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದಕ್ಕೊಂದು ಸ್ಥಾನವಿದೆ. ಆದರೆ ಗಮನಿಸಿರಿ, ಆ ಸಂಸ್ಥೆಯು ಇದನ್ನು ರೋಗವೆಂದು ಕರೆದಿಲ್ಲ. ಉದ್ಯೋಗದಿಂದ ಉಂಟಾಗುವ ಒಂದು ಸ್ಥಿತಿಯೆಂದು ಕರೆದಿದೆ. ಅದು ಹೇಳುವ ಗುರುತುಗಳು ಮೂರು. ಮೈಮನಗಳ ಕಸುವು ಬತ್ತಿಹೋಗುವುದು ಒಂದು. ಕೆಲಸವೆಂದರೆ ಜಿಗುಪ್ಸೆ ಬಂದು ಮನಸ್ಸು ಅದರಿಂದ ದೂರ ಸರಿಯುವುದು ಎರಡನೆಯದು. ಮೊದಲಿನಂತೆ ಕೈ ಓಡದೆ, "ನನ್ನಿಂದ ಆಗದು" ಎಂಬ ಭಾವ ನೆಲೆಸುವುದು ಮೂರನೆಯದು. ನಮ್ಮ ಜನರು ಇದನ್ನು ಇನ್ನೂ ಚೊಕ್ಕಟವಾಗಿ ಹೇಳುತ್ತಾರೆ: "ಜೀವ ಬ್ಯಾಸತ್ತ ಹೋಗೇತಿ." ಹೀಗೆನ್ನುವವನನ್ನು ಮೈಗಳ್ಳನೆಂದು ಜರೆಯುವ ರೂಢಿ ನಮ್ಮಲ್ಲಿದೆ. ಮೈಗಳ್ಳನಿಗೆ ಈ ಸ್ಥಿತಿ ಬರುವುದು ಅಪರೂಪ. ಮೈಮುರಿದು ದುಡಿದವನಿಗೇ ಅದು ಬರುತ್ತದೆ.

ನಮ್ಮದು ಕಾರ್ಖಾನೆಗಳ ಸೀಮೆಯಾಗಿ ಬಹಳ ಕಾಲವಾಗಿಲ್ಲ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಈ ನಾಲ್ಕು ತಾಲ್ಲೂಕುಗಳು ಕೊಪ್ಪಳ ಜಿಲ್ಲೆಯಾದಾಗ ಇಲ್ಲಿನ ಬಹುಪಾಲು ಜನರು ಹೊಲವನ್ನೇ ನಂಬಿದ್ದರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಕಾರಟಗಿಗಳಲ್ಲಿ ಬತ್ತ ಬೆಳೆದು ಅಕ್ಕಿ ಗಿರಣಿಗಳು ಎದ್ದವು. ಕಾಲುವೆ ತಲಪದ ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಭೂಮಿಯವರು ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವೆ, ಬೆಂಗಳೂರುಗಳಿಗೆ ಗುಳೆ ಹೋದರು. ಈಗ ಗಿಣಿಗೇರಿ, ಬೇವಿನಹಳ್ಳಿಗಳ ಸುತ್ತ ಕಬ್ಬಿಣ-ಉಕ್ಕಿನ ಕಾರ್ಖಾನೆಗಳೂ ಎರಕದ ಮನೆಗಳೂ ಇವೆ. ಕುಕನೂರಿನ ಸಮೀಪದ ಭಾನಾಪುರದಲ್ಲಿ 2021ರಲ್ಲಿ ಅಡಿಗಲ್ಲು ಹಾಕಿದ ಆಟಿಕೆ ಕಾರ್ಖಾನೆಗಳ ಸಮುಚ್ಚಯವಿದೆ. ಗುಳೆ ಹೋಗುವುದು ತಪ್ಪಿತು, ತಿಂಗಳಿಗೊಮ್ಮೆ ಪಗಾರ ಬರುವಂತಾಯಿತು. ಇದು ಸಣ್ಣ ಲಾಭವೇನೂ ಅಲ್ಲ. ಕಾರ್ಖಾನೆಯನ್ನು ಹಳಿಯಲು ನಾನಿಲ್ಲಿ ನಿಂತಿಲ್ಲ.

ಆದರೆ ಹೊಲದ ದುಡಿಮೆಗೂ ಸಾಲಿನ ದುಡಿಮೆಗೂ ಒಂದು ವ್ಯತ್ಯಾಸವುಂಟು. ಹೊಲದ ಕೆಲಸ ಕಷ್ಟದ್ದು, ಬಿಸಿಲಿನದ್ದು, ನೆಚ್ಚಿಕೆಯಿಲ್ಲದ್ದು. ಆದರೂ ಬಿತ್ತನೆ, ಕಳೆ, ಕೊಯ್ಲು ಎಂದು ಅದಕ್ಕೆ ಏರು-ಇಳಿತವುಂಟು. ಕಾರಹುಣ್ಣಿಮೆಯುಂಟು, ಗವಿಮಠದ ಜಾತ್ರೆಯುಂಟು. ಬೆನ್ನು ನೊಂದಾಗ ಸಾಲಿನ ತುದಿಯಲ್ಲಿ ಒಂದು ಗಳಿಗೆ ನಿಂತು ಎಲೆ-ಅಡಿಕೆ ಹಾಕಿಕೊಳ್ಳುವ ಸ್ವಾತಂತ್ರ್ಯವುಂಟು. ನಮ್ಮ ಹಿರಿಯರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಇಡುವುದಿಲ್ಲ. ಬಾಯಿಲ್ಲದ ಜೀವಕ್ಕೆ ವಾರಕ್ಕೊಂದು ದಿನದ ಬಿಡುವನ್ನು ಕಾನೂನಿಲ್ಲದೆಯೇ ಕೊಟ್ಟ ಸೀಮೆ ಇದು.

ಸಾಲಿನ ಕೆಲಸದಲ್ಲಿ ವೇಗವನ್ನು ಗೊತ್ತುಮಾಡುವುದು ಯಂತ್ರ. ಎದುರಿನ ಪಟ್ಟಿಯ ಮೇಲೆ ವಸ್ತು ಬರುತ್ತದೆ. ಒಂದು ತಿರುಪು ಬಿಗಿಯಬೇಕು, ಅಥವಾ ಒಂದು ಅಂಚನ್ನು ಉಜ್ಜಬೇಕು. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಸಾವಿರ ಸಲ ಅದೇ ತಿರುಪು. ತೋಳು ಹೆಚ್ಚು ಭಾರವನ್ನೇನೂ ಎತ್ತಿರುವುದಿಲ್ಲ, ಆದರೆ ಮನಸ್ಸು ಒಂದು ಕ್ಷಣವೂ ಅತ್ತಿತ್ತ ಸರಿಯುವಂತಿಲ್ಲ, ಹಾಗೆಂದು ತೊಡಗಿಕೊಳ್ಳಲು ಅದಕ್ಕೆ ಏನೂ ಇರುವುದಿಲ್ಲ. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸವೇ ಮನುಷ್ಯನನ್ನು ಎಲ್ಲಕ್ಕಿಂತ ಹೆಚ್ಚು ಬಳಲಿಸುತ್ತದೆಂದು 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸರು ಪ್ರತಿಪಾದಿಸಿದರು.

ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಹೊಟ್ಟು ಕಲಸಿ ಮೆತ್ತಿ, ಬಣ್ಣ ಬಳಿದು ಗೊಂಬೆ ಮಾಡುತ್ತಾರೆ. ಅವರಿಗೂ ಬೆನ್ನುನೋವುಂಟು, ಆದಾಯ ಸಾಲದೆಂಬ ಚಿಂತೆಯುಂಟು. ಆದರೆ ಗೊಂಬೆಯ ಕಣ್ಣು ಬರೆದವನಿಗೆ ಗೊಂಬೆ ಯಾವುದೆಂಬುದು ಗೊತ್ತಿರುತ್ತದೆ. ಅದೇ ಜಿಲ್ಲೆಯಲ್ಲಿ ಆಟಿಕೆಯ ಸಾಲಿನಲ್ಲಿ ನಿಂತು ಇಡೀ ದಿನ ಗಾಲಿಯೊಂದನ್ನೇ ಕೂಡಿಸುವ ಹುಡುಗಿಗೆ ಆ ಭಾಗ್ಯವಿಲ್ಲ. ಎಲ್ಲರೂ ಕಿನ್ನಾಳದ ಕಲಾವಿದರಾಗಲು ಆಗದು, ನಿಜ. ಎರಡು ತಾಸಿಗೊಮ್ಮೆ ಅವಳಿಗೆ ಬೇರೊಂದು ಕೆಲಸ ಕೊಡಲು ಮಾತ್ರ ಖಂಡಿತ ಆಗುತ್ತದೆ.

ಈ ಬೇಸರಿಕೆ ನಮ್ಮ ಹಳ್ಳಿಯವರ ದೌರ್ಬಲ್ಯವೆಂದು ಕೆಲವು ಮೇಲ್ವಿಚಾರಕರು ಭಾವಿಸುತ್ತಾರೆ. ಚಲಿಸುವ ಸಾಲನ್ನು 1913ರಲ್ಲಿ ಮೋಟಾರು ಕಾರಿನ ತಯಾರಿಕೆಗೆ ಅಳವಡಿಸಿದವರು ಅಮೆರಿಕದ ಹೆನ್ರಿ ಫೋರ್ಡ್. ಆ ವರ್ಷ ಅವರ ಕಾರ್ಖಾನೆಯಲ್ಲಿ ಕೆಲಸ ಬಿಟ್ಟುಹೋದವರ ಪ್ರಮಾಣ ಶೇಕಡ 370 ಆಗಿತ್ತು; ಅಂದರೆ ಒಂದೊಂದು ಜಾಗಕ್ಕೆ ವರ್ಷದಲ್ಲಿ ಮೂರು-ನಾಲ್ಕು ಸಲ ಹೊಸ ಆಳನ್ನು ಹುಡುಕಬೇಕಾಯಿತು. 1914ರ ಜನವರಿಯಲ್ಲಿ ಅವರು ದಿನಕ್ಕೆ ಐದು ಡಾಲರಿನ ಕೂಲಿಯನ್ನು ಘೋಷಿಸಿ, ಒಂಬತ್ತು ತಾಸಿನ ದುಡಿಮೆಯನ್ನು ಎಂಟಕ್ಕೆ ಇಳಿಸಿದರು. ಕರುಣೆಯಿಂದ ಇಳಿಸಿದರೆಂದು ನಾನು ಹೇಳಲಾರೆ. ದಣಿದ ಆಳಿನಿಂದ ಆಗುವ ನಷ್ಟದ ಲೆಕ್ಕವನ್ನು ಅವರು ಹಾಕಿದ್ದರು.

ಇನ್ನು ಪಾಳಿಯ ವಿಷಯ. ಕಬ್ಬಿಣ ಕರಗಿಸುವ ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಸಂಜೆಗೆ ಆರಿಸಿ ಮುಂಜಾನೆ ಮತ್ತೆ ಹೊತ್ತಿಸುವಂತಿಲ್ಲ. ಆದ್ದರಿಂದ ರಾತ್ರಿಯೂ ಯಾರಾದರೂ ಎಚ್ಚರವಾಗಿರಲೇಬೇಕು. ಆದರೆ ಮನುಷ್ಯನ ದೇಹದೊಳಗೂ ಒಂದು ಗಡಿಯಾರವುಂಟು. ಸೂರ್ಯನ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ರಾತ್ರಿ ದುಡಿದು ಹಗಲು ಮಲಗಿದವನ ನಿದ್ರೆ ಮೊಟಕಾಗುತ್ತದೆ, ತೆಳುವಾಗುತ್ತದೆ. ವಾರ ಕಳೆದು ಆ ಗಡಿಯಾರ ಸ್ವಲ್ಪ ಹೊಂದಿಕೊಳ್ಳುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ. ಹದಿನೇಳು ತಾಸು ಎಡೆಬಿಡದೆ ಎಚ್ಚರವಿದ್ದವನ ಕೈ-ಕಣ್ಣುಗಳ ಹೊಂದಾಣಿಕೆಯು ಮದ್ಯ ಸೇವಿಸಿದವನಂತೆ ಕುಗ್ಗುತ್ತದೆಂದು 1997ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು, ಹಗಲೆಲ್ಲ ಹೊಲದ ಕೆಲಸ ಮಾಡಿ, ರಾತ್ರಿ ಪಾಳಿಗೆ ಹೋದವನು ನಡುರಾತ್ರಿಯ ಹೊತ್ತಿಗೆ ಆ ಹದಿನೇಳು ತಾಸನ್ನು ದಾಟಿರುತ್ತಾನೆ. ನಾನು ಮೊದಲು ಹೇಳಿದ ಆ ಎರಡು ಬೆರಳುಗಳನ್ನು ನೆನಪಿಗೆ ತಂದುಕೊಳ್ಳಿರಿ. ಅವನಿಗೂ ನಾಲ್ಕು ಎಕರೆ ಹೊಲವಿತ್ತು; ಅದು ಶೇಂಗಾ ಕೀಳುವ ಕಾಲವಾಗಿತ್ತು.

ಹೆಚ್ಚುವರಿ ದುಡಿಮೆಯ ಆಸೆ ಸಹಜವಾದದ್ದೇ. ಸಾಲವಿರುತ್ತದೆ, ತಂಗಿಯ ಮದುವೆಯಿರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ತಾಸು ಇಲ್ಲವೆ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35-40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯವು ಶೇಕಡ 35ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಅತಿಯಾದ ದುಡಿಮೆಯಿಂದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಸತ್ತವರು 7 ಲಕ್ಷ 45 ಸಾವಿರ ಮಂದಿ.

ತಾಯಂದಿರ ದಣಿವಿನ ಮಾತು ಬೇರೆಯೇ ಆಗಿದೆ. ಮುಂಜಾನೆ ನಾಲ್ಕಕ್ಕೆ ಎದ್ದು, ನೀರು ತಂದು, ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಕಾರ್ಖಾನೆಯ ಬಸ್ಸು ಹಿಡಿದು, ದಿನವೆಲ್ಲ ನಿಂತು ದುಡಿದು, ಮನೆಗೆ ಬಂದೊಡನೆ ಮತ್ತೆ ಒಲೆಯ ಮುಂದೆ ಕೂರುವವಳಿಗೆ ಎರಡು ಪಾಳಿ. ಒಂದಕ್ಕೆ ಮಾತ್ರ ಪಗಾರ. ಶೌಚಕ್ಕೆ ಹೋಗಲು ಅಪ್ಪಣೆ ಕೇಳಬೇಕಾಗುತ್ತದೆಂದು ಎಷ್ಟೋ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಅದರಿಂದ ಮೂತ್ರದ ಸೋಂಕು ತಗಲುತ್ತದೆ, ತಲೆ ಸುತ್ತುತ್ತದೆ. ಇಂಥ ಮನೆಯಲ್ಲಿ ಗಂಡನು ಕಸ ಗುಡಿಸಿ ಪಾತ್ರೆ ತೊಳೆದರೆ ಅವನ ಮಾನಕ್ಕೇನೂ ಕುಂದಿಲ್ಲ. ಗಂಡಸರು ನಗುತ್ತಿದ್ದೀರಿ. ನಾನು ನಗೆಗಾಗಿ ಹೇಳಿದ ಮಾತಲ್ಲ ಅದು.

ಬಳಲಿಕೆಯೆಂದು ಹೇಳುವ ಮೊದಲು ಒಂದು ಎಚ್ಚರಿಕೆ ಅವಶ್ಯ. ದಣಿವೆಲ್ಲವೂ ದುಡಿಮೆಯ ಬಳಲಿಕೆಯಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಕ್ಷಯ ಇವುಗಳಿಂದಲೂ ಮನುಷ್ಯ ಸೊರಗುತ್ತಾನೆ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಕಫ ಪರೀಕ್ಷೆಯಾಗಲೇಬೇಕು. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಅದರಲ್ಲಿ ಏನೂ ದೋಷ ಕಾಣದಿದ್ದರೆ "ನಿನಗೇನೂ ಆಗಿಲ್ಲ, ಹೋಗು" ಎಂದು ವೈದ್ಯನಾದವನು ಹೇಳಬಾರದು. ನಿದ್ರೆ ಎಷ್ಟು, ಪಾಳಿ ಯಾವುದು, ಮನೆಯಲ್ಲಿ ಮಾತುಕತೆ ಹೇಗಿದೆ ಎಂದು ಕೇಳಬೇಕು. ಈಗ ನಾನು ಕೇಳುತ್ತೇನೆ.

ಮನೆಯವರು ಮಾಡಬಹುದಾದದ್ದರಲ್ಲಿ ನಿದ್ರೆಯ ರಕ್ಷಣೆಯೇ ದೊಡ್ಡದು. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಮಲಗುವುದೆಂದರೆ ಹಂಚಿನ ಮೇಲೆ ಮಲಗಿದಂತೆ. ರಾತ್ರಿ ಪಾಳಿ ಮುಗಿಸಿ ಬಂದವನು ಬಿಸಿಲೇರುವ ಮೊದಲೇ, ಹಗುರವಾಗಿ ಉಂಡು ಮಲಗಬೇಕು. ಮನೆಯಲ್ಲಿ ತಂಪಾದ, ಕತ್ತಲಿನ ಮೂಲೆಯನ್ನು ಅವನಿಗೆ ಬಿಟ್ಟುಕೊಡಿರಿ. ಕಿಟಕಿಗೆ ದಪ್ಪ ಕೌದಿಯನ್ನು ಇಳಿಬಿಟ್ಟರೂ ಆಯಿತು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. "ಹಗಲೊತ್ತಿನ್ಯಾಗ ಗಂಡಸು ಮಲಗತಾನೇನ?" ಎಂದು ಅಣಕಿಸುವ ನೆರೆಯವರಿಗೆ ಮನೆಯ ಹಿರಿಯಳೇ ಉತ್ತರ ಹೇಳಲಿ. ಮದುವೆಯ ಮಾತುಕತೆ, ಬ್ಯಾಂಕಿನ ಕೆಲಸ, ಪಡಿತರದ ಸಾಲು ಇವಾವುವೂ ಆ ಆರೇಳು ತಾಸಿನೊಳಗೆ ಬರಬಾರದು. ಪಾಳಿಯ ಕೊನೆಯ ಮೂರು-ನಾಲ್ಕು ತಾಸಿನಲ್ಲಿ ಚಹಾ ಕುಡಿದರೆ ಮನೆಗೆ ಬಂದಾಗ ಕಣ್ಣು ಹತ್ತುವುದಿಲ್ಲ. ಇನ್ನು ನಿದ್ರೆಗೆಂದು ಸೆರೆ ಕುಡಿಯುವ ಚಟ. ಸೆರೆಯು ಬೇಗ ಮಂಪರು ತರುವುದು ನಿಜ, ಆದರೆ ನಿದ್ರೆಯ ಉತ್ತರಾರ್ಧವನ್ನು ಅದೇ ಕೆಡಿಸುತ್ತದೆ. ಎದ್ದಾಗ ದಣಿವು ಇಮ್ಮಡಿಯಾಗಿರುತ್ತದೆ. ಎಚ್ಚರವಿರಲೆಂದು ಗುಟಕಾ, ಮಲಗಲೆಂದು ಸೆರೆ ಎಂಬ ಈ ಜೋಡಿ ನಮ್ಮ ಎಷ್ಟು ಮನೆಗಳನ್ನು ನುಂಗಿದೆಯೆಂಬುದು ಇಲ್ಲಿ ಕುಳಿತ ತಾಯಂದಿರಿಗೆ ಗೊತ್ತು.

ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಮನೆಗಳನ್ನು ನಾನು ಬಲ್ಲೆ. ಬಸ್ ನಿಲ್ದಾಣದಲ್ಲಿ ಕೀಲಿಕೈ ಕೊಟ್ಟು ತೆಗೆದುಕೊಳ್ಳುವಾಗ ಮಾತ್ರ ಅವರ ಭೇಟಿ. ಅಂಥವರು ವಾರದ ಸೂಟಿಯು ಒಂದೇ ದಿನ ಬರುವಂತೆ ಕಾರ್ಖಾನೆಯವರನ್ನು ಕೇಳಿಕೊಳ್ಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ಕೈಗೂಸಿರುವ ತಾಯಿ ಮುಂದಿನ ಮಗುವಿನ ವಿಷಯವನ್ನು ಆರೋಗ್ಯ ಸಹಾಯಕಿಯೊಡನೆ ಮುಕ್ತವಾಗಿ ಮಾತನಾಡಿ ನಿರ್ಧರಿಸಲಿ. ಅರ್ಹರಾದವರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯುಂಟು. ಐವತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಕೂಸಿನ ಮನೆಯ ಸೌಕರ್ಯವಿರತಕ್ಕದ್ದು.

ಆದರೆ ಮನೆಯೊಂದರಿಂದಲೇ ಇದು ನೀಗುವುದಿಲ್ಲ. ಕೌದಿ ಕಟ್ಟಿ ಕತ್ತಲು ಮಾಡಿದ ಮಾತ್ರಕ್ಕೆ ಹದಿನಾರು ತಾಸಿನ ದುಡಿಮೆ ಎಂಟಾಗದು. 1948ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ 48 ತಾಸಿನ ಮಿತಿಯನ್ನೂ, ವಾರದ ರಜೆಯನ್ನೂ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ವಿಧಿಸಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಈ ಮೂರೂ ಉಳಿದಿವೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು. ವರ್ಷದಲ್ಲಿ 180 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ವೇತನಸಹಿತ ರಜೆ ಸಲ್ಲುತ್ತದೆ. ಗುತ್ತಿಗೆದಾರನ ಮೂಲಕ ಸೇರಿದವನೂ ಕಾರ್ಮಿಕನೇ. ಅವನ ಮೈಯೂ ಅಷ್ಟೇ ದಣಿಯುತ್ತದೆ.

ಆಡಳಿತ ವರ್ಗದ ಮಹನೀಯರು ಸಭೆಯ ಮುಂದಿನ ಸಾಲಿನಲ್ಲಿದ್ದಾರೆ; ಅವರಿಗೂ ಒಂದೆರಡು ಮಾತು. ಪಾಳಿಯು ಮುಂಜಾನೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂದು ಮುಂದಕ್ಕೆ ತಿರುಗಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ; ಹಿಂದಕ್ಕೆ ತಿರುಗಿದರೆ ತಡವರಿಸುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಗೋಡೆಗೆ ಅಂಟಿಸುವ ಪಟ್ಟಿಯನ್ನು ಬದಲಿಸಿದರೆ ಸಾಕು. ಕುಲುಮೆಯ ಮುಂದೆ ನಿಲ್ಲುವವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕೈಗೆಟಕುವಂತಿರಲಿ. ನಿಂತು ಮಾಡುವ ಕೆಲಸಗಳಲ್ಲಿ ಎಷ್ಟೋ ಕೆಲಸಗಳನ್ನು ಕುಳಿತು ಮಾಡಬಹುದು. ಒಂದು ಸ್ಟೂಲಿನ ಬೆಲೆ ಎಷ್ಟು? ಸ್ವೀಡನ್ನಿನ ಕಾಲ್ಮರ್ ಎಂಬಲ್ಲಿ ವೋಲ್ವೊ ಕಂಪನಿಯು 1974ರಲ್ಲಿ ಉದ್ದನೆಯ ಸಾಲನ್ನು ಕೈಬಿಟ್ಟು, ಸಣ್ಣ ಸಣ್ಣ ಗುಂಪುಗಳು ಕೂಡಿ ಕಾರು ಕಟ್ಟುವ ಏರ್ಪಾಟನ್ನು ಮಾಡಿತು. ಇಪ್ಪತ್ತು ವರ್ಷ ನಡೆದು ಅದು ಮುಚ್ಚಿತೆಂಬುದೂ ನಿಜವೇ. ಅಷ್ಟು ದೂರ ಹೋಗುವುದು ಬೇಡ. ಸಾಲಿನಲ್ಲಿ ನಿಂತವರನ್ನು ತಿಂಗಳಿಗೊಮ್ಮೆ ಕೂರಿಸಿಕೊಂಡು "ಯಾವ ಜಾಗದಲ್ಲಿ ಕೈ ನೋಯುತ್ತದೆ, ಎಲ್ಲಿ ವೇಗ ಹೆಚ್ಚಾಯಿತು?" ಎಂದು ಕೇಳಿದರೆ ಮೊದಲ ಹೆಜ್ಜೆಯಾಯಿತು. ಬೈಗುಳದಿಂದ ಉತ್ಪಾದನೆ ಒಂದು ದಿನ ಹೆಚ್ಚಬಹುದು.

ಬಳಲಿಕೆಯನ್ನು ಕಡೆಗಣಿಸಿದರೆ ಅದು ಖಿನ್ನತೆಗೆ ದಾರಿಯಾಗಬಲ್ಲದು. ಕೆಲಸದ ಮೇಲಷ್ಟೇ ಅಲ್ಲದೆ ಊಟ, ಹಬ್ಬ, ಮಕ್ಕಳು ಯಾವುದರ ಮೇಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ, ಅಥವಾ ಬದುಕುವುದೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ತಡಮಾಡಬಾರದು. ಅಂಥ ಮಾತನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿರಿ. ಆಡಿದವರನ್ನು ಒಂಟಿಯಾಗಿ ಬಿಡಬೇಡಿರಿ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಮಾಡಿ ತೋರಿಸಿದ್ದು ಹೊಳೆಯಾಚೆಯ ನಮ್ಮ ನೆರೆಯ ಬಳ್ಳಾರಿ ಜಿಲ್ಲೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಆರಂಭಿಸಿದ ಕಾರ್ಯವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಸ್ಪತ್ರೆಗೆ ಬರಲು ಹಿಂಜರಿಯುವವರು ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ, ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ರಾತ್ರಿ ಪಾಳಿಯವನು ನಡುರಾತ್ರಿಯ ಊಟದ ಬಿಡುವಿನಲ್ಲಿ ಕೂಡ ಮಾಡಬಹುದು.

ಬೆರಳು ಕಳೆದುಕೊಂಡ ಆ ಕಾರ್ಮಿಕನನ್ನು ಗಾಯ ಮಾಯ್ದ ಮೇಲೆ ಉಗ್ರಾಣದ ಹಗಲು ಪಾಳಿಗೆ ಹಾಕಿದರು. ಆರು ತಿಂಗಳ ಬಳಿಕ ಮಗುವಿಗೆ ಚುಚ್ಚುಮದ್ದು ಹಾಕಿಸಲು ಗಂಡ-ಹೆಂಡತಿ ಬಂದಿದ್ದರು. ಮಗು ಅವನ ಹೆಗಲ ಮೇಲೆಯೇ ಇತ್ತು. "ಈಗ ನಿದ್ದಿ ಬರ್ತೈತ್ರೀ ಸಾಹೇಬ್ರ" ಎಂದನು. ಬೆರಳು ಹೋಗುವ ಮೊದಲೇ ಆ ಬದಲಾವಣೆ ಆಗಬಹುದಿತ್ತು. ನಾನು ಒಂದು ಚೀಟಿ ಬರೆದುಕೊಟ್ಟಿದ್ದರೂ ಆಗುತ್ತಿತ್ತೇನೋ.

ಸಭೆ ಮುಗಿದೊಡನೆ ಪಕ್ಕದ ಕೋಣೆಯಲ್ಲಿ ರಕ್ತದೊತ್ತಡ ಮತ್ತು ರಕ್ತ ಪರೀಕ್ಷೆಯ ವ್ಯವಸ್ಥೆಯಾಗಿದೆ. ಸಹಾಯಕಿಯರು ನಿಮ್ಮ ಪಾಳಿಯನ್ನೂ ನಿದ್ರೆಯ ತಾಸುಗಳನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಿರಿ. ಆ ಚೀಟಿ ನನ್ನ ಬಳಿಯೇ ಇರುತ್ತದೆ, ಕಾರ್ಖಾನೆಗೆ ಹೋಗುವುದಿಲ್ಲ. ಈ ರಾತ್ರಿ ಪಾಳಿಗೆ ಹೋಗುವವರು ಮೊದಲು ಬನ್ನಿರಿ, ಬಸ್ಸು ತಪ್ಪಬಾರದು.